ಎದ್ದು ನಿಲ್ಲುವವರು ಒಬ್ಬರೇ

ಬಾಸ್ಕೆಟ್‌ಬಾಲ್‌ನಲ್ಲಿ ನೋಡುಗರ ಗಮನಕ್ಕೆ ಬಾರದ ಒಂದು ನಿಯಮವಿದೆ. ಆಟ ನಡೆಯುತ್ತಿರುವಷ್ಟು ಹೊತ್ತು ತಂಡದ ಬೆಂಚಿನ ಮುಂದೆ ಒಬ್ಬರು ಮಾತ್ರ ಎದ್ದು ನಿಂತಿರಬಹುದು. ಮುಖ್ಯ ಕೋಚ್ ನಿಂತರೆ ಸಹಾಯಕ ಕೋಚ್ ಕೂರಬೇಕು. ಮುಖ್ಯ ಕೋಚ್ ಕೂತರೆ ಸಹಾಯಕ ಬೇಕಾದರೆ ನಿಲ್ಲಬಹುದು. ಆದರೆ ಕೂರುವ ಮುಖ್ಯ ಕೋಚನ್ನು ಕಂಡವರು ಕಡಿಮೆ. ಹಾಗಾಗಿ ಮೂಡುಬಿದಿರೆಯ ನಿರಂಜನ, ದುಬೈಯ ಒಂದು ಖಾಸಗಿ ಕಾಲೇಜಿನ ಹುಡುಗಿಯರ ತಂಡದ ಸಹಾಯಕ ಕೋಚ್, ಹದಿಮೂರು ವರ್ಷಗಳಿಂದ ಕೂತೇ ಇದ್ದ.

ಕೂತಿದ್ದ ಎಂದರೆ ಸೋಮಾರಿ ಎಂದಲ್ಲ. ಬೆಳಿಗ್ಗೆ ಹಾಲ್‌ನ ಬಾಗಿಲು ತೆಗೆಯುವವನು ಅವನು, ಚೆಂಡುಗಳಿಗೆ ಗಾಳಿ ಹೊಡೆಯುವವನು ಅವನು. ಬೇರೆ ತಂಡಗಳ ಪಂದ್ಯ ಎಲ್ಲಿ ನಡೆದರೂ ಅಲ್ಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಯಾವ ಹುಡುಗಿ ಎಡಗೈಯಲ್ಲಿ ಹೊಡೆಯುತ್ತಾಳೆ, ಯಾರಿಗೆ ಸುಸ್ತಾದಾಗ ಸಿಟ್ಟು ಬರುತ್ತದೆ ಎಂದು ಪತ್ತೆ ಮಾಡಿ ಬರುವವನೂ ಅವನೇ. ಮದುವೆ ಮನೆಯಲ್ಲಿ ಊಟ ಎಲ್ಲರಿಗೂ ಬೇಕು, ಅಡುಗೆ ಭಟ್ಟರ ಹೆಸರು ಯಾರೂ ಕೇಳುವುದಿಲ್ಲ.

ಈ ಕಸುಬಿಗೆ ಅವನು ಬಂದ ದಾರಿಯೇನೂ ದೊಡ್ಡದಲ್ಲ. ಕಾಲೇಜಿಗೆ ಆಡಿದ, ಯೂನಿವರ್ಸಿಟಿಗೆ ಆಡಿದ, ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರಾದ. ಭಾವನ ಮುಖಾಂತರ ದುಬೈಗೆ ಬಂದು ಒಂದು ಇಂಡಿಯನ್ ಸ್ಕೂಲಿನಲ್ಲಿ ಅದೇ ಕೆಲಸ ಮಾಡಿದ. ಅಲ್ಲಿಂದ ಅವನನ್ನು ಈ ಕಾಲೇಜಿಗೆ ಎಳೆದುಕೊಂಡವನು ಒಬ್ಬ ಈಜಿಪ್ಟಿನ ಕೋಚ್. ಎರಡು ವರ್ಷ ನನ್ನ ಕೈಕೆಳಗಿರು, ಆಮೇಲೆ ತಂಡ ನಿನ್ನದೇ ಎಂದಿದ್ದ. ಈಜಿಪ್ಟಿನವನು ಹೋದಾಗ ಅಮೆರಿಕದವನು ಬಂದ. ಅಮೆರಿಕದವನು ಹೋದಾಗ ಸರ್ಬಿಯಾದ ದ್ರಾಗನ್ ಬಂದ. ಹೋಗುವವರೆಲ್ಲ ಪೆಟ್ಟಿಗೆ ಕಟ್ಟುತ್ತಾ ಅವನ ಬೆನ್ನು ತಟ್ಟಿ, ಮುಂದಿನದು ನೀನೇ ಎಂದು ಹೇಳಿಯೇ ಹೋದರು. ಮೊದಲನೆಯ ಸಲ ನಿರಂಜನ ಕರಾಮದ ಅಂಗಡಿಯಲ್ಲಿ ಒಂದು ನೀಲಿ ಕೋಟು ಕೊಂಡ. ಎರಡನೆಯ ಸಲ ಆ ಕೋಟನ್ನು ಲಾಂಡ್ರಿಗೆ ಕೊಟ್ಟು ತಂದ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಮರಳುಗಾಡಿನಲ್ಲೂ ನಿಜವೇ. ಆಮೇಲೆ ಅವನು ಕೋಟಿನ ಸುದ್ದಿಗೆ ಹೋಗಲಿಲ್ಲ.

ಸಹಾಯಕನಾಗಿ ಅವನು ಕಲಿತ ದೊಡ್ಡ ವಿದ್ಯೆ ಒಂದಿತ್ತು. ಈಜಿಪ್ಟಿನವನ ಸ್ವಭಾವ ವಿಚಿತ್ರ: ನಿರಂಜನ ಹೀಗೆ ಮಾಡೋಣ ಎಂದರೆ ಅವನು ಅದರ ತದ್ವಿರುದ್ಧವೇ ಮಾಡುತ್ತಿದ್ದ. ಕೈಕೆಳಗಿನವನ ಮಾತು ಕೇಳುತ್ತಾನೆ ಎಂದು ಯಾರಾದರೂ ಅಂದಾರು ಎಂಬ ಭಯ. ಅದಕ್ಕೆ ನಿರಂಜನ ಒಂದು ಉಪಾಯ ಹುಡುಕಿಕೊಂಡ. ಕೋಚ್ ನಡುವೆ ತನ್ನ ಕುರ್ಚಿಗೆ ಬಂದು ಕೂತಾಗ ಎಡಕ್ಕೆ ಬಾಗಿ, ಒಂದೋ ಹೀಗೆ ಮಾಡಬಹುದು, ಇಲ್ಲವೋ ಹಾಗೆ ಮಾಡಬಹುದು ಎಂದು ಎರಡು ದಾರಿ ಹೇಳುವುದು, ಹೇಳಿ ಸುಮ್ಮನಾಗುವುದು. ಕೋಚ್ ಎರಡರಲ್ಲಿ ಒಂದಕ್ಕೆ ತಲೆಯಾಡಿಸುತ್ತಿದ್ದ. ಆಯ್ಕೆ ಅವನದು, ಗೆದ್ದರೆ ಹೆಸರೂ ಅವನದು, ಸೋತರೆ ನಿರಂಜನನ ತಲೆಗೆ ಬರುವುದಿಲ್ಲ. ಅಮೆರಿಕದವನಿಗೂ ಇದು ಹಿಡಿಸಿತು. ದ್ರಾಗನ್‌ಗಂತೂ ಇದಿಲ್ಲದೆ ಆಟವೇ ಸಾಗುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಅಷ್ಟು ಸುಲಭದಲ್ಲಿ ಹೋಗುವುದಿಲ್ಲ. ಮಿರ್ದಿಫ್‌ನ ಫ್ಲ್ಯಾಟಿನಲ್ಲಿ ಹೆಂಡತಿ ಭವ್ಯಶ್ರೀ, ಗಸಿ ಮಾಡಲೋ ಸಾರು ಮಾಡಲೋ ಎಂದು ಕೇಳಿದರೆ ಅವನು ಎರಡರ ಗುಣದೋಷವನ್ನೂ ಹೇಳಿ ಫೋನ್ ಕೈಗೆತ್ತಿಕೊಳ್ಳುತ್ತಿದ್ದ.

ಈ ವರ್ಷ ಫೆಬ್ರವರಿಯಲ್ಲಿ ದ್ರಾಗನ್ ಪಂದ್ಯಗಳ ನಡುವೆಯೇ ಕತಾರಿನ ಒಂದು ಕ್ಲಬ್ಬಿಗೆ ಹೊರಟುಹೋದ. ಮುಖ್ಯ ಕೋಚ್ ಹೊಸ ಕೆಲಸಕ್ಕೆ ಹೋಗುವಾಗ ನಂಬಿಕೆಯ ಸಹಾಯಕನನ್ನೂ ಜೊತೆಗೆ ಕರೆದೊಯ್ಯುವುದು ಈ ಕಸುಬಿನ ರೂಢಿ. ದ್ರಾಗನ್ ತನ್ನ ಕಾಫಿ ಯಂತ್ರವನ್ನು ಕರೆದೊಯ್ದ.

ಕ್ರೀಡಾ ವಿಭಾಗದ ಮುಖ್ಯಸ್ಥೆ ಮುನೀರಾ ಮೇಡಂ ಮಾತು ಕಡಿಮೆ ಆಡುವವರು. ನಿರಂಜನನನ್ನು ಕರೆಸಿ, ಉಳಿದ ಪಂದ್ಯಗಳಿಗೆ ನೀವೇ ಮುಖ್ಯ ಕೋಚ್, ಅಬುಧಾಬಿಯ ಕೊನೆಯ ಪಂದ್ಯ ಮುಗಿದ ಮೇಲೆ ಕೆಲಸ ಯಾರಿಗೆಂದು ತೀರ್ಮಾನಿಸುತ್ತೇನೆ ಎಂದರು. ಹೊರಗಿನಿಂದ ಯಾರಾದರೂ ಬಂದರೆ ಅವರ ಸಹಾಯಕರನ್ನು ಅವರೇ ತರುತ್ತಾರೆ, ಅದು ನಿಮಗೂ ಗೊತ್ತು ಎಂದೂ ಸೇರಿಸಿದರು. ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿರಂಜನನಿಗೆ ನಲವತ್ತೈದು. ಆ ವಯಸ್ಸಿನ ಸಹಾಯಕನನ್ನು ಇನ್ನೊಂದು ಕಾಲೇಜು ಮುಖ್ಯ ಕೋಚ್ ಮಾಡುವುದು ಹೋಗಲಿ, ಸಹಾಯಕನಾಗಿಯೂ ಕರೆಯುವುದಿಲ್ಲ. ಈ ಸಲ ಸಿಗದಿದ್ದರೆ ಇನ್ನು ಸಿಗುವುದಿಲ್ಲ. ಅವನು ಥ್ಯಾಂಕ್ಯೂ ಮೇಡಂ ಎಂದು ಹೇಳಿ ಹೊರಗೆ ಬಂದ.

ವಿಷಯವೆಂದರೆ, ಅವನಿಗೆ ಏನೂ ಅನಿಸಲಿಲ್ಲ. ಖುಷಿಯೂ ಇಲ್ಲ, ಹೆದರಿಕೆಯೂ ಇಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದಲ್ಲ, ಅವನ ಮನಸ್ಸು ಹಾಗಾಗಿತ್ತು. ಸುದ್ದಿ ಕೇಳಿ ಭವ್ಯಶ್ರೀಯೇ ಅವನ ಪಾಲಿನ ಖುಷಿಯನ್ನೂ ಪಟ್ಟಳು. ಅವಳು ಆಸ್ಪತ್ರೆಯ ಫಾರ್ಮಸಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವಳು. ಗಂಡ ಕೂತೇ ಇರುವುದು ಅವಳಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಕಪಾಟಿನಿಂದ ನೀಲಿ ಕೋಟು ತೆಗೆದು ಗಾಳಿಗೆ ಹಾಕಿದಳು.

“ಅಳದಿದ್ರೆ ಅಮ್ಮನೂ ಹಾಲು ಕೊಡುದಿಲ್ಲ ಮಾರ್ರೆ,” ಎಂದಳು. “ಆ ಮೇಡಂನ ಹತ್ರ ಹೋಗಿ, ನನಗೆ ಈ ಕೆಲಸ ಬೇಕು ಅಂತ ಒಂದ್ಸಲ ಬಾಯಿಬಿಟ್ಟು ಹೇಳಿ.”

ಹೇಳಬಹುದು, ಇಲ್ಲದಿದ್ದರೆ ಆಟ ನೋಡಿ ಅವರೇ ಅರ್ಥ ಮಾಡಿಕೊಳ್ಳಲಿ ಎಂದೂ ಬಿಡಬಹುದು ಎಂದ ನಿರಂಜನ. ಭವ್ಯಶ್ರೀ ಕೋಟನ್ನು ಕೊಡವಿದ ಸದ್ದು ಜೋರಾಗಿಯೇ ಕೇಳಿಸಿತು.

ಮುಖ್ಯ ಕೋಚ್ ಆದ ಮೊದಲ ಪಂದ್ಯ ಅವರದೇ ಹಾಲ್‌ನಲ್ಲಿತ್ತು. ನಿರಂಜನ ಕೋಟು ಹಾಕಿಕೊಂಡು ಬಂದ, ಬೆಂಚಿನ ಎರಡನೆಯ ಕುರ್ಚಿಯಲ್ಲಿ ಕೂತ. ಮೊದಲನೆಯದು ಖಾಲಿ. ಮೂರನೆಯದರಲ್ಲಿ ಜುಮಾನಾ. ಈ ಜುಮಾನಾ ಜೋರ್ಡಾನ್ ಕಡೆಯವಳು; ಅವನ ಕೈಯಲ್ಲೇ ಆಟ ಕಲಿತು, ಓದು ಮುಗಿಸಿ, ಈಗ ಎರಡು ವರ್ಷದಿಂದ ಅದೇ ತಂಡದಲ್ಲಿ ಕಿರಿಯ ಕೋಚ್. ದ್ರಾಗನ್ ಹೋದ ಮೇಲೆ ಅವಳೇ ಮೊದಲ ಸಹಾಯಕಿ ಎಂದು ಹೆಸರು ಬರೆಸಿದವನೂ ನಿರಂಜನನೇ. ಖಾಲಿ ಕುರ್ಚಿ ದ್ರಾಗನ್‌ಗೆ ತೋರಿಸುವ ಗೌರವವೆಂದು ಹುಡುಗಿಯರು ಮಾತಾಡಿಕೊಂಡರು. ಗೌರವವೂ ಅಲ್ಲ, ಎಂಥದೂ ಅಲ್ಲ. ಬೆನ್ನು ತನ್ನಷ್ಟಕ್ಕೆ ಅಲ್ಲಿಗೆ ಹೋಗಿ ಒರಗಿತ್ತು, ಅಷ್ಟೆ. ಎದುರಾಳಿಗಳು ತೀರಾ ಎಳಸು. ಅವನು ಎದ್ದು ನಿಲ್ಲದೆಯೇ ತಂಡ ಗೆದ್ದಿತು. ಗ್ಯಾಲರಿಯಲ್ಲಿ ಅಮ್ಮನ ಜೊತೆ ಕೂತಿದ್ದ ಮಗಳು ಕಾರಿನಲ್ಲಿ ಮನೆಗೆ ಹೋಗುವಾಗ, “ಅಪ್ಪ, ಜಸ್ಟ್ ಸ್ಟ್ಯಾಂಡ್ ಅಪ್, ನೋ?” ಎಂದಳು. ಭವ್ಯಶ್ರೀ ಕಿಟಕಿಯಿಂದ ಹೊರಗೆ ನೋಡಿದಳು.

ನಿಲ್ಲಬೇಕೆಂದು ಅವನೂ ಅಂದುಕೊಂಡಿದ್ದ. ಅಬುಧಾಬಿಗೆ ಹೊರಟ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡ. ಜೆಬೆಲ್ ಅಲಿಯ ಗೋದಾಮುಗಳು ದಾಟಿದವು, ಆಮೇಲೆ ಬರೀ ಮರಳು. ಇವತ್ತು ಮೊದಲ ಕುರ್ಚಿಯಲ್ಲೇ ಕೂರುತ್ತೇನೆ, ಆಟ ಶುರುವಾದ ಕೂಡಲೇ ಎದ್ದು ನಿಲ್ಲುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಹಾಲ್‌ಗೆ ಹೋದ, ನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿದ, ಅದು ಈಗ ಅವನ ಕೆಲಸವಲ್ಲ, ಆದರೂ ಜೋಡಿಸಿದ, ಜೋಡಿಸಿ ಮುಗಿಸಿದಾಗ ಎರಡನೆಯ ಕುರ್ಚಿಯಲ್ಲಿ ಕೂತಿದ್ದ. ಎದುರಿನ ಗ್ಯಾಲರಿಯಲ್ಲಿ ಮುನೀರಾ ಮೇಡಂ ಇದ್ದರು.

ಅರ್ಧ ಆಟದವರೆಗೆ ಹುಡುಗಿಯರು ಚೆನ್ನಾಗಿ ಮುಂದಿದ್ದರು. ಆಮೇಲೆ ಎದುರು ತಂಡದ ಒಬ್ಬ ನೀಳಕಾಯದ ಹುಡುಗಿ ದೂರದಿಂದ ಎಸೆದದ್ದೆಲ್ಲ ಬುಟ್ಟಿಗೆ ಬೀಳತೊಡಗಿತು. ಮುನ್ನಡೆ ಕರಗಿ ಕರಗಿ ಕೊನೆಯ ಭಾಗ ಬರುವಷ್ಟರಲ್ಲಿ ಎರಡೂ ತಂಡ ಸಮಸಮ. ಇಂಥ ಹೊತ್ತಿನಲ್ಲಿ ಕೋಚ್ ಆದವರು ಎದ್ದು ಹೋಗಿ ಅಂಕ ಬರೆಯುವವರ ಮೇಜಿನ ಮುಂದೆ ನಿಂತು ಟೈಮ್‌ಔಟ್ ಕೇಳಬೇಕು. ಆಟ ಒಂದು ನಿಮಿಷ ನಿಲ್ಲುತ್ತದೆ, ಹುಡುಗಿಯರು ಉಸಿರು ತೆಗೆದುಕೊಳ್ಳುತ್ತಾರೆ, ಹೊಸ ಉಪಾಯ ಹೇಳಬಹುದು. ಅದನ್ನು ಕೇಳುವ ಹಕ್ಕು ಮುಖ್ಯ ಕೋಚ್‌ಗೆ, ಬಿಟ್ಟರೆ ಮೊದಲ ಸಹಾಯಕರಿಗೆ.

ನಿರಂಜನನಿಗೆ ಎಲ್ಲ ಕಾಣುತ್ತಿತ್ತು. ಆಟ ಎಲ್ಲಿ ಕೆಟ್ಟಿದೆ, ಅದಕ್ಕೆ ಮದ್ದೇನು ಎಂದು ಆ ಹಾಲ್‌ನಲ್ಲಿ ಅವನಷ್ಟು ತಿಳಿದವರು ಯಾರೂ ಇರಲಿಲ್ಲ. ಅವನು ಎಡಕ್ಕೆ ಬಾಗಿದ. “ಟೈಮ್‌ಔಟ್ ತೆಗೆದುಕೊಳ್ಳೋಣ,” ಎಂದು ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ. “ಒಂದೋ ಎಲ್ಲರೂ ಹಿಂದೆ ಬಂದು ಬುಟ್ಟಿಯ ಸುತ್ತ ಕಾಯಲಿ. ಇಲ್ಲವೋ ಆ ಉದ್ದದವಳ ಮೇಲೆ ಇಬ್ಬರನ್ನು ಬಿಡೋಣ.” ಹೇಳಿ, ಉತ್ತರಕ್ಕೆ ಕಾದ.

ಎಡಗಡೆಯಲ್ಲಿ ಇದ್ದದ್ದು ಖಾಲಿ ಪ್ಲಾಸ್ಟಿಕ್ ಕುರ್ಚಿ.

ಕುರ್ಚಿ ತಲೆಯಾಡಿಸಲಿಲ್ಲ. ಎದುರಾಳಿಗಳು ಇನ್ನೊಂದು ಬುಟ್ಟಿ ಹಾಕಿದರು. ದ್ರಾಗನ್ ಒಮ್ಮೊಮ್ಮೆ ಮೊದಲ ಸಲಕ್ಕೆ ಕಿವಿಗೊಡುತ್ತಿರಲಿಲ್ಲ. ಹಾಗೆಂದೇ ಇರಬೇಕು, ನಿರಂಜನ ಇನ್ನಷ್ಟು ಬಾಗಿ ಅದೇ ಮಾತನ್ನು ಮತ್ತೆ ಹೇಳಿದ. ಮತ್ತೆ ಕಾದ. ಅವನ ಮುಖದಲ್ಲಿ ಗಾಬರಿಯಿರಲಿಲ್ಲ. ತನ್ನ ಕೆಲಸ ತಾನು ಮಾಡಿ ಮುಗಿಸಿದವನ ನೆಮ್ಮದಿಯೇ ಇತ್ತು.

ಬಲಗಡೆಯ ಜುಮಾನಾಗೆ ಎರಡು ಸಲವೂ ಅದು ಕೇಳಿಸಿತು. ಮೊದಲು ತನಗೆ ಹೇಳುತ್ತಿದ್ದಾರೆಂದುಕೊಂಡಳು. ಆಮೇಲೆ ಅವನು ತಿರುಗಿದ್ದ ದಿಕ್ಕನ್ನು ನೋಡಿದಳು. ಅವಳ ಕಣ್ಣು ತುಂಬಿತು. ಆದರೆ ಅಳಲಿಕ್ಕೆ ಅದು ಹೊತ್ತಲ್ಲ. ಮುಖ್ಯ ಕೋಚ್ ಕೂತಿದ್ದರೆ ಸಹಾಯಕಿ ನಿಲ್ಲಬಹುದು ಎಂಬ ನಿಯಮವನ್ನು ಅವಳಿಗೆ ಹೇಳಿಕೊಟ್ಟವನು ನಿರಂಜನನೇ. ಯಾರಿಗೂ ಉಪಯೋಗಕ್ಕೆ ಬಾರದ ನಿಯಮವೆಂದು ನಕ್ಕಿದ್ದ. ಎದುರಾಳಿಗಳ ಮುಂದಿನ ಬುಟ್ಟಿ ಬಿದ್ದಾಗ ಜುಮಾನಾ ಮೇಜಿನ ಮುಂದೆ ನಿಂತಿದ್ದಳು.

ಆಟ ನಿಂತಿತು. ಹುಡುಗಿಯರು ಓಡಿ ಬಂದು ಸುತ್ತುಗಟ್ಟಿದರು. ಅವರಲ್ಲಿ ಕೆಲವರು ಅಭ್ಯಾಸದಂತೆ ನಿರಂಜನನ ಕಡೆಗೆ ನೋಡಿದರು, ಅವನು ಅಭ್ಯಾಸದಂತೆ ಜುಮಾನಾಳ ಕಡೆಗೆ ನೋಡಿದ. ಅವಳು, ಉದ್ದದವಳ ಮೇಲೆ ಇಬ್ಬರು ಎಂದಳು. ಅಷ್ಟೇ ಹೇಳಿದಳು, ಇನ್ನೊಂದು ದಾರಿಯ ಮಾತೇ ಎತ್ತಲಿಲ್ಲ. ನಿರಂಜನ ತಲೆಯಾಡಿಸಿದ. ಉಳಿದಷ್ಟು ಆಟವನ್ನು ಜುಮಾನಾ ನಿಂತೇ ಆಡಿಸಿದಳು, ಅವನು ಕೂತೇ ನೋಡಿದ, ಒಂದು ಬುಟ್ಟಿಯ ಅಂತರದಲ್ಲಿ ತಂಡ ಗೆದ್ದಿತು. ಹುಡುಗಿಯರು ಜುಮಾನಾಳನ್ನು ತಬ್ಬಿಕೊಂಡು ಕುಣಿದರು. ಆಮೇಲೆ ನೆನಪಾಗಿ ಒಬ್ಬೊಬ್ಬರೇ ಬಂದು ಇವನ ಕೈಕುಲುಕಿದರು.

ಅಬುಧಾಬಿಗೆ ಪಂದ್ಯಕ್ಕೆ ಹೋದರೆ ವಾಪಸು ಬರುವಾಗ ಬಸ್ಸು ಅಲ್ ಮೀನಾ ಬಂದರಿನಲ್ಲಿ ನಿಲ್ಲುವುದು ಹಳೆಯ ಪದ್ಧತಿ. ಹುಡುಗಿಯರು ಬಸ್ಸಿನಲ್ಲೇ ಕೂತು ಶವರ್ಮಾ ತಿನ್ನುತ್ತಾರೆ. ನಿರಂಜನ ಮತ್ತು ಬಸ್ಸಿನ ಡ್ರೈವರ್ ಕೃಷ್ಣಪ್ಪಣ್ಣ ಮೀನು ಮಾರ್ಕೆಟ್ಟಿಗೆ ಹೋಗುತ್ತಾರೆ. ಕೃಷ್ಣಪ್ಪಣ್ಣ ಬಂಟ್ವಾಳದವರು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವರಲ್ಲ. ಆ ದಿನ ಹಾಲ್‌ನ ಬಾಗಿಲಲ್ಲಿ ನಿಂತು ಆಟ ನೋಡಿದ್ದರು.

“ನೀವು ಆ ಕುರ್ಚಿಯ ಹತ್ರ ಎಂತ ಮಾತಾಡ್ತಾ ಇದ್ದದ್ದು ಸರ್?” ಎಂದು ಕೇಳಿದರು.

“ಟೈಮ್‌ಔಟ್ ಕೇಳ್ತಾ ಇದ್ದೆ.”

“ಕೊಟ್ಟಿತಾ?”

ಕೃಷ್ಣಪ್ಪಣ್ಣ ತಮಾಷೆಗೇ ಕೇಳಿದ್ದು. ನಿರಂಜನನ ಮುಖ ನೋಡಿ ತಮಾಷೆ ಅಲ್ಲಿಗೇ ಬಿಟ್ಟು, ಮಂಜುಗಡ್ಡೆಯ ಮೇಲೆ ಹರಡಿದ್ದ ಮೀನುಗಳ ಕಿವಿರು ಎತ್ತಿ ನೋಡತೊಡಗಿದರು. ಮೀನಿನವನು ಕಾಣೆ ಬೇಕಾ ಅಂಜಲ್ ಬೇಕಾ ಎಂದು ಹಿಂದಿಯಲ್ಲಿ ಕೇಳಿದ. ನಿರಂಜನ ಎರಡನ್ನೂ ನೋಡುತ್ತಾ ನಿಂತ. ಹಿಂದೆ ನಿಂತಿದ್ದವರು ಯಲ್ಲಾ, ಯಲ್ಲಾ ಎಂದು ಅವಸರಪಡಿಸಿದಾಗ ಎರಡನ್ನೂ ಕೊಡು ಎಂದ. ಮನೆಯಲ್ಲಿ ಭವ್ಯಶ್ರೀ ಫ್ರೀಜರಿನಲ್ಲಿ ಜಾಗ ಮಾಡುತ್ತಾ ಏನೂ ಕೇಳಲಿಲ್ಲ. ಗೆದ್ದದ್ದನ್ನು ಮಗಳು ಆಗಲೇ ಫೋನಿನಲ್ಲಿ ನೋಡಿ ಹೇಳಿದ್ದಳು.

ಮುಂದಿನ ವಾರ ಮುನೀರಾ ಮೇಡಂ ಕರೆಸಿದರು. ಅವರ ಕೋಣೆಯಲ್ಲಿ ಎಸಿ ಜೋರಾಗಿತ್ತು. ಅಬುಧಾಬಿಯಲ್ಲಿ ಟೈಮ್‌ಔಟ್ ಕೇಳಲು ಜುಮಾನಾಗೆ ನೀವೇ ಹೇಳಿದಿರಾ ಎಂದು ಮೊದಲು ಕೇಳಿದರು. ಹೌದು ಎಂದಿದ್ದರೆ ಯಾರೂ ಅಲ್ಲ ಎನ್ನುತ್ತಿರಲಿಲ್ಲ. ಜುಮಾನಾಳಂತೂ ಅಲ್ಲ ಎನ್ನುತ್ತಲೇ ಇರಲಿಲ್ಲ. ನಿರಂಜನ ಇಲ್ಲ ಎಂದ. ಅದು ಸತ್ಯಸಂಧತೆ ಎಂದು ಅವನನ್ನು ಹೊಗಳುವ ಆಸೆ ನನಗೂ ಇದೆ. ಆದರೆ ಅವನು ಹೇಳಿದ್ದು ಯಾವುದೋ ತಂಡದ ಆಟ ನೋಡಿ ಬಂದು ವರದಿ ಒಪ್ಪಿಸುವ ದನಿಯಲ್ಲಿ.

ಮುನೀರಾ ಮೇಡಂ ಪೆನ್ನು ಕೆಳಗಿಟ್ಟರು. “ಹೊರಗಿನಿಂದ ಯಾರನ್ನೂ ತರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ,” ಎಂದರು. “ತಂಡವನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ನೀವೇ ಹೇಳಿ, ಯಾರಿಗೆ ಕೊಡಲಿ?”

ಹದಿಮೂರು ವರ್ಷ ಯಾರೂ ಕೇಳದಿದ್ದ ಪ್ರಶ್ನೆ. ನನಗೆ ಎಂಬ ಒಂದು ಮಾತು ಸಾಕಿತ್ತು, ಅದನ್ನು ಆಡಲೆಂದೇ ಆ ಹೆಂಗಸು ಬಾಗಿಲು ಅಷ್ಟಗಲ ತೆರೆದು ನಿಂತಿದ್ದರು. ನಿರಂಜನ ಕುರ್ಚಿಯಲ್ಲಿ ತುಸು ಎಡಕ್ಕೆ ಬಾಗಿದ.

“ಒಂದೋ ಜುಮಾನಾ,” ಎಂದ. “ಇಲ್ಲವೋ ನಾನು.”

ಹೇಳಿ ನಿಲ್ಲಿಸಿದ್ದರೂ ಒಂದು ಪಕ್ಷ ಸರಿಹೋಗುತ್ತಿತ್ತೇನೋ. ಅವನು ಎರಡರ ಗುಣದೋಷವನ್ನೂ ಒಪ್ಪಿಸಿದ. ಜುಮಾನಾಗೆ ಅನುಭವ ಕಡಿಮೆ, ಸಿಟ್ಟಿನಲ್ಲಿ ಒಂದೆರಡು ಪಂದ್ಯ ಕಳೆದುಕೊಂಡಾಳು. ಆದರೆ ಹುಡುಗಿಯರು ಅವಳ ಮಾತು ಕೇಳುತ್ತಾರೆ, ತಕ್ಷಣ ನಿರ್ಧರಿಸುತ್ತಾಳೆ. ನಿರಂಜನನಿಗೆ ಎಲ್ಲ ತಂಡಗಳ ಪರಿಚಯವಿದೆ, ಆಟದ ಓದು ಚೆನ್ನಾಗಿದೆ. ನಿರ್ಧಾರ ಮಾತ್ರ ನಿಧಾನ. ತನ್ನನ್ನು ತಾನೇ ನಿರಂಜನ ಎಂದು ಹೆಸರು ಹಿಡಿದು ಹೇಳಿದ್ದು ಅವನಿಗೆ ಗೊತ್ತಾಗಲಿಲ್ಲ. ವರದಿ ಚೆನ್ನಾಗಿತ್ತು, ಒಂದು ಮಾತೂ ಸುಳ್ಳಿರಲಿಲ್ಲ. ಒಪ್ಪಿಸಿ, ಮೇಡಂ ತಲೆಯಾಡಿಸುವುದನ್ನು ಕಾಯುತ್ತಾ ಕೂತ.

ಮುನೀರಾ ಮೇಡಂ ಕೂಡ ಕಾದರು.

“ನಿನ್ನೆ ಇದೇ ಪ್ರಶ್ನೆಯನ್ನು ಜುಮಾನಾಗೆ ಕೇಳಿದೆ,” ಎಂದರು ಕೊನೆಗೆ. “ಅವಳು ಒಂದೇ ಹೆಸರು ಹೇಳಿದಳು. ನಿಮ್ಮದು. ನನಗೆ ಒಂದೇ ಹೆಸರು ಹೇಳಬಲ್ಲ ಕೋಚ್ ಬೇಕು, ನಿರಂಜನ್.”

ಅವನು ಸರಿ ಮೇಡಂ ಎಂದ. ಸಹಾಯಕನಾಗಿ ಮುಂದುವರಿಯುತ್ತೀರಲ್ಲ ಎಂದು ಕೇಳಿದ್ದಕ್ಕೂ ಸರಿ ಮೇಡಂ ಎಂದ. ಹೊರಗೆ ಜುಮಾನಾ ಅವನಿಗಾಗಿ ಕಾಯುತ್ತಿದ್ದಳು. ಅವನು ಕಂಗ್ರಾಜುಲೇಶನ್ಸ್ ಹೇಳಿ, ಬೇಸಿಗೆ ರಜೆಗೆ ಮೊದಲು ಚೆಂಡುಗಳನ್ನು ಬದಲಾಯಿಸಬೇಕು, ಅರ್ಧಕ್ಕರ್ಧ ಸವೆದಿವೆ ಎಂದು ನೆನಪಿಸಿದ.

ಮನೆಯಲ್ಲಿ ಭವ್ಯಶ್ರೀ ಒಲೆಯ ಮೇಲೆ ಅನ್ನಕ್ಕೆ ಇಟ್ಟು, ಮೀನು ಹೊರಗೆ ತೆಗೆದಿಟ್ಟು ಮಸಾಲೆ ಕಲಸುತ್ತಿದ್ದಳು. ಅವನು ಅಡುಗೆಮನೆಯ ಸಣ್ಣ ಮೇಜಿನ ಹತ್ತಿರ ಕೂತು ನಡೆದದ್ದನ್ನೆಲ್ಲ ಹೇಳಿದ, ಏನನ್ನೂ ಬಿಡದೆ ಹೇಳಿದ. ಅಬುಧಾಬಿಯ ಕುರ್ಚಿಯ ವಿಷಯವನ್ನೂ ಅವತ್ತೇ ಮೊದಲು ಹೇಳಿದ್ದು. ಅವಳು ಮಸಾಲೆಯ ಕೈಯಲ್ಲೇ ನಿಂತು ಕೇಳಿದಳು. ಬೈಯುತ್ತಾಳೆಂದು ಅವನು ಕಾದ. ಬೈಯಲಿಲ್ಲ. ಮೇಲೆ ಒಂದು ವಿಮಾನ ತಗ್ಗಿನಲ್ಲಿ ಹಾರಿ ಹೋಯಿತು, ಅದರ ಸದ್ದು ಮುಗಿಯುವವರೆಗೆ ಅವಳು ತಡೆದಳು.

“ನಾನು ನಿಮ್ಮ ಹತ್ರ ಒಂದೇ ಮಾತು ಕೇಳುದು,” ಎಂದಳು. “ಕೆಲಸ ಹೋದ್ರೆ ಹೋಗ್ಲಿ. ನಿಮಗೆ ಅದು ಬೇಕಿತ್ತಾ, ಇಲ್ವಾ?”

“ಒಂದೋ…” ಎಂದು ಶುರು ಮಾಡಿದ ನಿರಂಜನ.

ಇನ್ನೊಂದನ್ನು ಹುಡುಕಿದ. ಬೇಕಿರಲಿಲ್ಲ ಎನ್ನುವುದಕ್ಕೆ ಕಾರಣಗಳು ಬೇಕಾದಷ್ಟು ಸಿಗುತ್ತಿದ್ದವು, ಯಾವತ್ತೂ ಸಿಗುತ್ತಿದ್ದವು. ಆ ಹೊತ್ತಿಗೆ ಒಂದೂ ಸಿಗಲಿಲ್ಲ. ಭವ್ಯಶ್ರೀ ತಲೆಯಾಡಿಸಲೂ ಇಲ್ಲ, ಅವನಿಂದ ಕಣ್ಣು ಕೀಳಲೂ ಇಲ್ಲ.

“ಬೇಕಿತ್ತು,” ಎಂದ. ಹೊರಬಂದ ದನಿ ಅವನದಲ್ಲದ ಹಾಗಿತ್ತು. “ನನಗೆ ಬೇಕಿತ್ತು ಭವ್ಯಾ. ಮೊದಲಿನಿಂದ್ಲೂ ಬೇಕಿತ್ತು.”

ಜೋಮು ಹಿಡಿದ ಕಾಲು ಹಾಗೆಯೇ ಇದ್ದರೆ ನೋವಿಲ್ಲ, ರಕ್ತ ಮತ್ತೆ ಹರಿಯತೊಡಗಿದಾಗಲೇ ಸಾವಿರ ಸೂಜಿ ಚುಚ್ಚುವುದು. ನಿರಂಜನನಿಗೆ ನೋಯತೊಡಗಿತು. ಈಜಿಪ್ಟಿನವನು ಹೋದ ದಿನದ್ದು, ಅಮೆರಿಕದವನು ಹೋದ ದಿನದ್ದು, ಕೋಟು ಕೊಂಡ ದಿನದ್ದು, ಎಲ್ಲ ಒಟ್ಟಿಗೆ ನೋಯತೊಡಗಿತು. ಅವನು ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದುಕೊಂಡು ಅತ್ತ. ಮಗಳು ಕೋಣೆಯ ಬಾಗಿಲು ತೆರೆದು ನೋಡಿ ಮೆಲ್ಲಗೆ ಮುಚ್ಚಿದಳು.

ಭವ್ಯಶ್ರೀ ಒಲೆ ಆರಿಸಿದಳು. ಕೈ ತೊಳೆದುಕೊಂಡು ಬಂದು, ಅವನ ಎಡಗಡೆಯ ಕುರ್ಚಿಯನ್ನು ಎಳೆದು ಕೂತಳು.